ಕ್ಯಾಮೆರಾ ಅಂಗಡಿಯಿಂದ ಕೆರೆಯ ಕೋಡಿಗೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಪರಿಸರದ ವೇದಿಕೆಯಲ್ಲಿ ಕ್ಯಾಮೆರಾ ಅಂಗಡಿಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ದೂರದ್ದೇನಲ್ಲ. ಮುಂಗಾರು ಹಿಡಿದ ಕೂಡಲೇ ಆಗುಂಬೆಯ ರಸ್ತೆಬದಿಯಲ್ಲಿ, ಚಾರ್ಮಾಡಿಯ ತಿರುವುಗಳಲ್ಲಿ, ಕೊಡಗಿನ ತೋಟಗಳ ಅಂಚಿನಲ್ಲಿ ಕಪ್ಪೆ, ಹಾವು, ಹಕ್ಕಿಗಳನ್ನು ಹುಡುಕುತ್ತ ಅಲೆಯುವ ಹವ್ಯಾಸಿಗಳನ್ನು ತಾವೆಲ್ಲ ಕಂಡಿದ್ದೀರಿ. ಅವರಲ್ಲಿ ಅನೇಕರು ಬೆಂಗಳೂರಿನ ಹೊರವಲಯದ ತಂತ್ರಾಂಶ ಕಚೇರಿಗಳಲ್ಲಿ ದುಡಿಯುವವರು. ಅವರ ಹೆಗಲ ಮೇಲಿನ ಉದ್ದನೆಯ ಲೆನ್ಸು ವೈಟ್‌ಫೀಲ್ಡಿನದೋ ಎಲೆಕ್ಟ್ರಾನಿಕ್ ಸಿಟಿಯದೋ ಅಂಗಡಿಯಲ್ಲಿ ಕೊಂಡದ್ದಿರಬಹುದು, ಎರಡು ದಿನಕ್ಕೆ ಬಾಡಿಗೆಗೆ ತಂದದ್ದೂ ಇರಬಹುದು. ಅಂಗಡಿಗೆ ಬರುವ ಹೊಸ ಯಂತ್ರ ಕೆಲವೇ ದಿನಗಳಲ್ಲಿ ಘಟ್ಟ ಹತ್ತುತ್ತದೆ. ಆದ್ದರಿಂದ ಆ ಅಂಗಡಿಯಲ್ಲಿ ನಡೆಯುವುದೇನು ಎಂಬುದು ಘಟ್ಟದ ಜನರಿಗೂ ಸಂಬಂಧಪಟ್ಟ ವಿಷಯ.

ಕ್ಯಾಮೆರಾ ಎಷ್ಟು ಹೊಸದು ಎಂಬುದಕ್ಕಿಂತ ಅದು ಎಲ್ಲಿ ನಿಂತಿದೆ, ಯಾವ ದಿನ ನೋಡಿದೆ, ಮತ್ತೆ ಅಲ್ಲಿಗೆ ಬಂದು ನೋಡಿದೆಯೇ ಎಂಬುದು ಮುಖ್ಯ. ಇಂದಿನ ಉಪನ್ಯಾಸದ ಸಾರ ಇಷ್ಟೇ. ಇದನ್ನು ಕಲಿಸುವ ನಿದರ್ಶನ ಬೆಂಗಳೂರಿನ ಆ ಹೊರವಲಯದಲ್ಲಿಯೇ ಇದೆ.

ಹೊರವಲಯದ ಮೂರು ಊರುಗಳು

ವೈಟ್‌ಫೀಲ್ಡ್ ಮೊದಲಿಗೆ ಕೃಷಿಯ ಊರು. ಮೈಸೂರಿನ ಅರಸರಾಗಿದ್ದ ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ನೆಲ ನೀಡಿದ್ದರಿಂದ ಅದು ಹುಟ್ಟಿತು. 1990ರ ದಶಕದಲ್ಲಿ ಅಲ್ಲಿ ಐಟಿ ಪಾರ್ಕ್ ಎದ್ದಿತು. ಎಲೆಕ್ಟ್ರಾನಿಕ್ ಸಿಟಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರ ಕನಸು. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ನೆಲದಲ್ಲಿ 1978ರಲ್ಲಿ ಅದರ ಆರಂಭ. ಪೀಣ್ಯವಾದರೋ ಯಂತ್ರಗಳ ಊರು. ಲೇತ್, ಅಚ್ಚು, ಲೇಪನ, ಬಣ್ಣದ ಸಾವಿರಾರು ಸಣ್ಣ ಕಾರ್ಖಾನೆಗಳು ಅಲ್ಲಿವೆ.

ಒಂದು ಕಾಲದಲ್ಲಿ ಈ ಊರುಗಳವರಿಗೆ ಒಳ್ಳೆಯ ಕ್ಯಾಮೆರಾ ಬೇಕಾದರೆ ಮಹಾತ್ಮ ಗಾಂಧಿ ರಸ್ತೆಯ ಕಡೆಗೆ ಹೋಗಬೇಕಿತ್ತು. 1910ರಲ್ಲಿ ಆರಂಭವಾದ ಜಿ.ಕೆ. ವೇಲ್‌ನಂತಹ ಹಳೆಯ ಹೆಸರುಗಳು ಆ ಭಾಗದವು. ಸಂಬಳ ಏರಿ, ವಾಹನ ದಟ್ಟಣೆ ಹೆಚ್ಚಿದಂತೆ ಅಂಗಡಿಗಳೇ ಗಿರಾಕಿಗಳ ಕಡೆಗೆ ಬಂದವು. ಇಂದು ಇಂತಹ ಅಂಗಡಿ ಮಾರಾಟದ ಜಾಗ ಮಾತ್ರವಲ್ಲ. ಹೊಸ ಮಾದರಿ ಬಂದಾಗ ಕೈಯಲ್ಲಿ ಹಿಡಿದು ನೋಡಲು ಅವಕಾಶವಿರುತ್ತದೆ. ಭಾನುವಾರ ಬೆಳಿಗ್ಗೆ ಗುಂಪಾಗಿ ಚಿತ್ರ ತೆಗೆಯುತ್ತ ನಡೆಯುವ ಕಾರ್ಯಕ್ರಮವಿರುತ್ತದೆ. ಹಕ್ಕಿ ಚಿತ್ರಣ, ಇರುಳಿನ ಆಕಾಶ, ಕೀಟಗಳ ಸಮೀಪಚಿತ್ರಣ ಎಂದು ತರಗತಿಗಳು ನಡೆಯುತ್ತವೆ. ಲೆನ್ಸ್ ಬಾಡಿಗೆ, ಸೆನ್ಸರ್ ಸ್ವಚ್ಛತೆ, ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವ ವಿನಿಮಯ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ.

ಬೆಂಗಳೂರಿಗೆ ಇದು ಹೊಸ ಸಂಸ್ಕೃತಿಯಲ್ಲ. 1971ರಲ್ಲಿ ಸ್ಥಾಪನೆಯಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹವ್ಯಾಸಿಗಳನ್ನು ಬೆಳೆಸುತ್ತ ಬಂದಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂತಹ ವನ್ಯಜೀವಿ ಛಾಯಾಗ್ರಾಹಕರು ಈ ನಗರದಿಂದಲೇ ಹೆಸರಾದರು. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜಕಾರಣದ ನಡುವೆಯೂ ಕ್ಯಾಮೆರಾ ಬಿಡಲಿಲ್ಲ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಅಲೆದದ್ದನ್ನು ಮಲೆನಾಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರೆಲ್ಲ ಬಹುಕಾಲ ಕೆಲಸ ಮಾಡಿದ್ದು ಫಿಲ್ಮಿನಲ್ಲಿ. ಒಂದು ಸುರುಳಿಯಲ್ಲಿ ಮೂವತ್ತಾರು ಚಿತ್ರ. ಗುಂಡಿ ಒತ್ತುವ ಮೊದಲು ಕಾಯಬೇಕು, ಪ್ರಾಣಿಯ ನಡೆಯನ್ನು ಅರಿಯಬೇಕು. ಒತ್ತಿದ ಮೇಲೆಯೂ ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕು. ಫಿಲ್ಮಿನ ದುಬಾರಿಯೇ ಅವರಿಗೆ ತಾಳ್ಮೆಯನ್ನು ಕಲಿಸಿತು.

ಆ ಫಿಲ್ಮಿಗೂ ಬೆಟ್ಟಕ್ಕೂ ನಂಟಿತ್ತು. ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆ ನೀಲಗಿರಿಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾಗಿ, 1967ರಿಂದ ಉತ್ಪಾದನೆ ಆರಂಭಿಸಿತು. ಅಲ್ಲಿಂದ ಬಂದ ‘ಇಂದು’ ಫಿಲ್ಮನ್ನು ಹಳೆಯ ಸ್ಟುಡಿಯೋದವರು ಇಂದಿಗೂ ನೆನೆಯುತ್ತಾರೆ. ಕಾಲ ಬದಲಾದಂತೆ ಆ ಕಾರ್ಖಾನೆಯೂ ಮುಚ್ಚಿತು.

ಕನ್ನಡಿ ಕಳಚಿದ ಕ್ಯಾಮೆರಾ

ಕಾಲವನ್ನು ಬದಲಿಸಿದ ಯಂತ್ರ ಹುಟ್ಟಿದ್ದು 1975ರಲ್ಲಿ. ಅಮೆರಿಕದ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವ್ ಸ್ಯಾಸನ್ ರೂಪಿಸಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು ಹತ್ತು ಸಾವಿರ ಪಿಕ್ಸೆಲ್ ಮಾತ್ರ. ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡು ಬೇಕಿತ್ತು. ಅದೇ 1975ರ ಏಪ್ರಿಲ್ 19ರಂದು, ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಸಿದ್ಧವಾದ ಭಾರತದ ಮೊದಲ ಉಪಗ್ರಹ ಆರ್ಯಭಟ ಬಾಹ್ಯಾಕಾಶಕ್ಕೆ ಹಾರಿತು. 1979ರಲ್ಲಿ ಮೇಲೇರಿದ ಭಾಸ್ಕರ ಉಪಗ್ರಹದಲ್ಲಿ ನೆಲವನ್ನು ನೋಡುವ ಟಿವಿ ಕ್ಯಾಮೆರಾಗಳಿದ್ದವು. ಆರ್ಯಭಟ ರೂಪುಗೊಂಡ ಪೀಣ್ಯದಲ್ಲಿ ಇಂದು ಇಸ್ರೋದ ಎಲೆಕ್ಟ್ರೋ ಆಪ್ಟಿಕ್ಸ್ ಪ್ರಯೋಗಾಲಯವಿದೆ. ಉಪಗ್ರಹಗಳಿಗೆ ದಿಕ್ಕು ತಿಳಿಸುವ ಸೆನ್ಸರುಗಳೂ ದೂರಸಂವೇದಿ ಕ್ಯಾಮೆರಾಗಳಿಗೆ ಬೇಕಾದ ದೃಗುಪಕರಣಗಳೂ ಅಲ್ಲಿ ತಯಾರಾಗುತ್ತವೆ. ಆಕಾಶದಿಂದ ಘಟ್ಟವನ್ನು ನೋಡುವ ಕಣ್ಣಿನ ಒಂದು ಪಾಲು ಪೀಣ್ಯದ್ದು ಎನ್ನಬಹುದು.

ಅಂಗಡಿಯ ಕಪಾಟಿನಲ್ಲಿ ಇಂದು ಮುಂದಿನ ಸಾಲಿನಲ್ಲಿರುವುದು ಕನ್ನಡಿಯಿಲ್ಲದ ಕ್ಯಾಮೆರಾ, ಅಂದರೆ ಮಿರರ್‌ಲೆಸ್. ಹಿಂದಿನ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಅದು ಬೆಳಕನ್ನು ಮೇಲಕ್ಕೆ ತಿರುಗಿಸಿ ಕಣ್ಣಿಗೆ ದೃಶ್ಯ ಕಾಣಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ಬೆಳಕನ್ನು ಸೆನ್ಸರಿಗೆ ಬಿಡುತ್ತದೆ. ಆಗ ಕೇಳುವುದೇ ಆ ಪರಿಚಿತ ಖಟ್ ಸದ್ದು. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಬೆಳಕು ನೇರವಾಗಿ ಸೆನ್ಸರಿನ ಮೇಲೆ ಬೀಳುತ್ತಲೇ ಇರುತ್ತದೆ. ಕಣ್ಣಿಗೆ ಕಾಣುವುದು ಸಣ್ಣ ಪರದೆಯ ಮೇಲಿನ ಬಿಂಬ. ಸೆನ್ಸರ್ ಸದಾ ನೋಡುತ್ತಿರುವುದರಿಂದ ಒಳಗಿನ ಗಣಕ ಪ್ರಾಣಿಯ ಕಣ್ಣನ್ನು ತಾನೇ ಗುರುತಿಸಿ, ಹಕ್ಕಿ ಹಾರಿದರೂ ಫೋಕಸನ್ನು ಅದರ ಮೇಲೆಯೇ ಇರಿಸಬಲ್ಲದು.

ಸೋನಿಯ ಎ9 2017ರಲ್ಲಿ ಸದ್ದಿಲ್ಲದೆ ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆದು ತೋರಿಸಿತು. 2020ರಲ್ಲಿ ಕ್ಯಾನನ್ ಆರ್5 ಬಂದಿತು. 2021ರಲ್ಲಿ ನಿಕಾನ್ ಝಡ್9 ಯಾಂತ್ರಿಕ ಶಟರನ್ನೇ ಕೈಬಿಟ್ಟಿತು. ಈ ಬದಲಾವಣೆಯಿಂದ ಎರಡು ಒಳಿತುಗಳಿವೆ. ಮೊದಲನೆಯದು, ಸದ್ದಿಲ್ಲದ ಕ್ಯಾಮೆರಾ ಕಾಡುಪ್ರಾಣಿಯನ್ನು ಬೆಚ್ಚಿಸುವುದು ಕಡಿಮೆ. ಎರಡನೆಯದು ಬಡ ವಿದ್ಯಾರ್ಥಿಗೆ ಹೆಚ್ಚು ಮುಖ್ಯ. ಹೊಸದಕ್ಕೆ ಮನಸೋತವರು ಬಿಟ್ಟುಕೊಟ್ಟ ಹಳೆಯ ಡಿಎಸ್‌ಎಲ್‌ಆರ್‌ಗಳು ಅದೇ ಅಂಗಡಿಗಳಲ್ಲಿ ಹೊಸದರ ಬೆಲೆಯ ಸಣ್ಣ ಭಾಗಕ್ಕೆ ಸಿಗುತ್ತವೆ. ಅವು ಕೆಟ್ಟ ಯಂತ್ರಗಳೇನಲ್ಲ. ಹತ್ತು ವರ್ಷದ ಹಿಂದೆ ಅವುಗಳಿಂದಲೇ ಪ್ರಶಸ್ತಿಯ ಚಿತ್ರಗಳು ಬಂದಿವೆ.

ಅಂಗಡಿಯ ಬಾಗಿಲಾಚೆಯ ಕೆರೆ

ವೈಟ್‌ಫೀಲ್ಡಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ವರ್ತೂರು ಕೆರೆ ಇದೆ. ಅದಕ್ಕೆ ಮೇಲಿರುವುದು ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ. ನಗರದ ಕೊಳಚೆಯ ದೊಡ್ಡ ಪಾಲು ರಾಜಕಾಲುವೆಗಳಲ್ಲಿ ಹರಿದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿನ ಕಡೆಗೆ ಸಾಗುತ್ತದೆ. ಸಾಬೂನು ಮತ್ತು ಮಾರ್ಜಕಗಳ ಅಂಶ ತುಂಬಿದ ನೀರು ಕೋಡಿಯಲ್ಲಿ ಧುಮುಕುವಾಗ ಕಡೆದ ಮಜ್ಜಿಗೆಯಂತೆ ನೊರೆ ಏಳುತ್ತದೆ. ಮಳೆ ಬಂದು ತಳದ ಹೂಳು ಕದಡಿದಾಗ ನೊರೆ ಇನ್ನೂ ಹೆಚ್ಚುತ್ತದೆ. ಸುತ್ತಲಿನ ಹಳ್ಳಿಗಳವರು ವರ್ಷಾನುಗಟ್ಟಲೆ ಆ ವಾಸನೆಯಲ್ಲಿಯೇ ಬದುಕಿದ್ದರು. ದೂರುಗಳು ಕಡತದಲ್ಲಿದ್ದವು.

2015ರಲ್ಲಿ ವರ್ತೂರಿನ ನೊರೆ ರಸ್ತೆಗೆ ಹಾರಿ ವಾಹನಗಳನ್ನು ಮುಚ್ಚತೊಡಗಿದಾಗ ಅಕ್ಕಪಕ್ಕದ ನಿವಾಸಿಗಳು ಚಿತ್ರ ತೆಗೆದರು. ಅದೇ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ಯಮಲೂರು ಬದಿಯಲ್ಲಿ ನೊರೆಗೇ ಬೆಂಕಿ ಹತ್ತಿಕೊಂಡಿತು. ನೀರು ಉರಿಯುವ ಚಿತ್ರವನ್ನು ಜಗತ್ತು ನೋಡಿತು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರಿನಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸೇನೆಯ ಸಾವಿರಾರು ಯೋಧರು ಇಳಿಯಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ, ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ಮುಂದೆ ಎರಡೂ ಕೆರೆಗಳ ನೀರು ಬಸಿದು ಹೂಳೆತ್ತುವ ಕೆಲಸ ನಡೆಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಚಿತ್ರಗಳಲ್ಲಿ ಎಷ್ಟೋ ಸಾಮಾನ್ಯ ಮೊಬೈಲ್ ಫೋನುಗಳಲ್ಲಿ ತೆಗೆದವು. ಅವುಗಳ ಬಲ ಲೆನ್ಸಿನದಾಗಿರಲಿಲ್ಲ. ಅವನ್ನು ತೆಗೆದವರು ಆ ದಾರಿಯಲ್ಲಿ ದಿನವೂ ಓಡಾಡುವವರಾಗಿದ್ದರು, ಜಾಗವನ್ನೂ ದಿನವನ್ನೂ ಹೇಳಬಲ್ಲವರಾಗಿದ್ದರು, ಮರುದಿನ ಮತ್ತೆ ಬರಬಲ್ಲವರಾಗಿದ್ದರು. ನೂರಾರು ಕಿಲೋಮೀಟರ್ ದೂರದ ಕಬಿನಿಗೆ ಹುಲಿಯನ್ನರಸಿ ಹೋಗುವ ಲೆನ್ಸಿಗೆ ಮನೆಯ ಪಕ್ಕದ ಕೋಡಿಯೂ ಒಂದು ವಿಷಯವೇ. ಆ ಭಾಗದ ಎಷ್ಟೋ ಹವ್ಯಾಸಿಗಳು ಈ ಪಾಠವನ್ನು ಕಲಿತು, ಕೆರೆಗಳ ಹಕ್ಕಿಗಳನ್ನು ವರ್ಷವರ್ಷವೂ ದಾಖಲಿಸುವ ಕೆಲಸಕ್ಕೆ ಇಳಿದಿದ್ದಾರೆ. ಅವರನ್ನು ಮೆಚ್ಚಲೇಬೇಕು.

ಘಟ್ಟದ ಸಾಕ್ಷಿ, ದೂರದ ಸಾಕ್ಷಿ

ಮಲೆನಾಡಿಗೂ ಇಂತಹ ಅನುಭವವಿದೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ಭದ್ರೆಯ ಉಗಮದ ಕಾಡಿನಲ್ಲಿ ನಡೆಯುತ್ತಿದ್ದಾಗ, ಅದನ್ನು ಕುರಿತು ಶೇಖರ್ ದತ್ತಾತ್ರಿಯವರು 2001ರಲ್ಲಿ ಒಂದು ಕಿರುಚಿತ್ರ ಮಾಡಿದರು. ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಹೊಳೆಯನ್ನು, ಬೋಳಾದ ಬೆಟ್ಟವನ್ನು ನಗರದ ಜನ ಆ ಚಿತ್ರದಲ್ಲಿ ಕಂಡರು. ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆ ಸುಪ್ರೀಂ ಕೋರ್ಟಿನಲ್ಲಿ ಹೋರಾಡಿತು. ನದಿಯ ಹೂಳನ್ನು ಅಳೆದ ವಿಜ್ಞಾನಿಗಳ ಅಂಕಿಗಳೂ ಜೊತೆಗಿದ್ದವು. 2002ರಲ್ಲಿ ನ್ಯಾಯಾಲಯದ ತೀರ್ಪು ಬಂದಿತು. 2005ರ ಕೊನೆಗೆ ಗಣಿ ನಿಂತಿತು. ಚಿತ್ರವೊಂದೇ ಗಣಿಯನ್ನು ನಿಲ್ಲಿಸಿತೆಂದರೆ ಅತಿಶಯೋಕ್ತಿಯಾದೀತು. ಚಿತ್ರ, ಅಂಕಿ, ಕಾನೂನು ಮೂರೂ ಒಂದಕ್ಕೊಂದು ಊರುಗೋಲಾದವು.

ದೂರದ ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದಲ್ಲಿ ಫ್ರಾಂಕ್ಲಿನ್ ಎಂಬ ನದಿಗೆ ಅಣೆಕಟ್ಟು ಕಟ್ಟಲು ಹೊರಟಾಗ ಪೀಟರ್ ಡೊಂಬ್ರೋವ್‌ಸ್ಕಿಸ್ ತೆಗೆದ ನದಿಯ ಒಂದು ಚಿತ್ರ 1983ರ ಚುನಾವಣೆಯ ಹೊತ್ತಿಗೆ ಪತ್ರಿಕೆಗಳಲ್ಲಿ ಅಚ್ಚಾಯಿತು. ಆ ನದಿಯನ್ನು ಎಂದೂ ನೋಡದವರಿಗೆ ಅದು ತಮ್ಮದೆನಿಸಿತು. ಅದೇ ವರ್ಷದ ಜುಲೈಯಲ್ಲಿ ಅಲ್ಲಿನ ಹೈಕೋರ್ಟಿನ ತೀರ್ಪಿನಿಂದ ಅಣೆಕಟ್ಟು ನಿಂತಿತು. ವರ್ತೂರಿನ ಚಿತ್ರ ಹಾನಿಯನ್ನು ತೋರಿಸಿತು, ಫ್ರಾಂಕ್ಲಿನ್‌ನ ಚಿತ್ರ ಕಳೆದುಕೊಳ್ಳಲಿರುವುದನ್ನು ತೋರಿಸಿತು. ಎರಡೂ ಬೇಕು. ಹೊಳೆ ಕೆಟ್ಟ ಮೇಲೆ ಓಡಿಹೋಗಿ ಚಿತ್ರ ತೆಗೆದರೆ, ಮೊದಲು ಅದು ಹೇಗಿತ್ತೆಂದು ಕೇಳಿದವರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.

ಕ್ಯಾಮೆರಾ ಕಾಣಲಾರದ್ದು

ಕ್ಯಾಮೆರಾದ ಶಕ್ತಿಯನ್ನು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಅದಕ್ಕೆ ನಿದರ್ಶನ ಪೀಣ್ಯ. ಲೋಹಕ್ಕೆ ಹೊಳಪಿನ ಲೇಪ ಕೊಡುವ ಘಟಕಗಳಿಂದ ಕ್ರೋಮಿಯಂ ಎಂಬ ಲೋಹಾಂಶ ಅಲ್ಲಿನ ಅಂತರ್ಜಲಕ್ಕೆ ಸೇರಿರುವುದನ್ನು ಅಧ್ಯಯನಗಳು ದಾಖಲಿಸಿವೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಆ ಮಿತಿಯನ್ನು ಹಲವು ಪಟ್ಟು ಮೀರಿದ ನೀರೂ ಲೋಟದಲ್ಲಿ ತಿಳಿಯಾಗಿಯೇ ಕಾಣಬಹುದು. ಯಾವ ಲೆನ್ಸೂ ಅದನ್ನು ಹಿಡಿಯಲಾರದು. ನೊರೆ ಎಲ್ಲರ ಕಣ್ಣಿಗೆ ಬಿತ್ತು, ಕೊಳವೆಬಾವಿಯ ವಿಷ ಬೀಳಲಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳನ್ನು ಅಳೆದು ಶ್ರೇಣೀಕರಿಸಿದಾಗ ಪೀಣ್ಯ ತೀವ್ರ ಮಲಿನ ಪ್ರದೇಶಗಳ ಸಾಲಿನಲ್ಲಿತ್ತು. ಅದಕ್ಕಿಂತಲೂ ಗಂಭೀರವಾದ ಸಾಲಿನಲ್ಲಿ ಮಲೆನಾಡಿನ ಬಾಗಿಲಾದ ಭದ್ರಾವತಿ ಇತ್ತು ಎಂಬುದನ್ನು ಇಲ್ಲಿನವರು ಮರೆಯಬಾರದು. ಕಣ್ಣಿಗೆ ಕಾಣದ ಹಾನಿಗೆ ನೀರಿನ ಪರೀಕ್ಷೆ ಬೇಕು, ವೈದ್ಯಕೀಯ ದಾಖಲೆ ಬೇಕು. ಚಿತ್ರ ಸಿಗದಿದ್ದರೆ ಸಮಸ್ಯೆಯೇ ಇಲ್ಲವೆಂದು ತಿಳಿಯುವುದು ಈ ಕಾಲದ ದೊಡ್ಡ ಭ್ರಮೆ.

ಆಕಾಶದ ಕ್ಯಾಮೆರಾಕ್ಕೂ ಇದೇ ಮಿತಿ ಇದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ, ಒಂದು ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಮರದ ನೆರಳಿದ್ದರೆ ಅದು ಅರಣ್ಯದ ಹೊದಿಕೆ. ಒಡೆತನ ಯಾರದು, ಮರ ಯಾವುದು ಎಂಬ ಪ್ರಶ್ನೆ ಅಲ್ಲಿಲ್ಲ. ಹೀಗಾಗಿ ನೆರಳುಮರಗಳ ಕಾಫಿ ತೋಟವೂ ಶೋಲಾ ಕಾಡೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ಮೇಲಿನಿಂದ ಕಂಡದ್ದನ್ನು ನೆಲದ ಮೇಲೆ ನಿಂತವನು ತಿದ್ದಬೇಕು.

ಚಿತ್ರಕ್ಕಾಗಿ ಹಾನಿ ಬೇಡ

ಹೊಸ ಯಂತ್ರದ ವೇಗದೊಡನೆ ಆಸೆಯೂ ಬೆಳೆದಿದೆ. ಕಪ್ಪೆಯನ್ನು ಹಿಡಿದು ಎಲೆಯ ಮೇಲೆ ಕೂರಿಸುವುದು, ಮಂಡಲದ ಹಾವನ್ನು ಕೋಲಿನಿಂದ ಸರಿಸಿ ಚೆಂದದ ಕೊಂಬೆಗೆ ತರುವುದು, ಹಕ್ಕಿಯ ಕೂಗನ್ನು ಧ್ವನಿವರ್ಧಕದಲ್ಲಿ ನುಡಿಸಿ ಅದನ್ನು ಕಂಗಾಲು ಮಾಡುವುದು, ಗೂಡು ಚೆನ್ನಾಗಿ ಕಾಣಲೆಂದು ಸುತ್ತಲಿನ ಎಲೆ ಕತ್ತರಿಸುವುದು, ಇವೆಲ್ಲ ಘಟ್ಟದಲ್ಲಿ ನಡೆದಿವೆ. ಕಪ್ಪೆ ತನ್ನ ತೇವದ ಚರ್ಮದಿಂದಲೂ ಉಸಿರಾಡುವ ಜೀವಿ. ಕೈಯ ಉಪ್ಪು, ಸೊಳ್ಳೆ ಮುಲಾಮು ಅದಕ್ಕೆ ಅಪಾಯ. ಗೂಡಿನ ಎಲೆ ಸರಿಸಿದರೆ ಮರಿಗಳು ಬಿಸಿಲಿಗೂ ಕಾಗೆಗೂ ತೆರೆದುಕೊಳ್ಳುತ್ತವೆ.

ಇದು ಕೇವಲ ಶಿಷ್ಟಾಚಾರದ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥ ಗುಂಡು ಹಾರಿಸುವುದಕ್ಕೆ ನಿಲ್ಲುವುದಿಲ್ಲ. ಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆ, ಗೂಡುಗಳನ್ನು ಕದಲಿಸುವುದೂ ಅದರೊಳಗೆ ಬರುತ್ತದೆ. 2022ರ ತಿದ್ದುಪಡಿಯು ಅಭಯಾರಣ್ಯದೊಳಗಿನ ಛಾಯಾಗ್ರಹಣ ಹಾಗೂ ಚಿತ್ರೀಕರಣಕ್ಕೆ ಸ್ಪಷ್ಟ ಷರತ್ತು ಹಾಕಿದೆ. ನೆಲೆಯನ್ನು ಬದಲಿಸದೆ, ಪ್ರಾಣಿಗೂ ನೆಲೆಗೂ ತೊಂದರೆ ಮಾಡದೆ ತೆಗೆಯುವ ಚಿತ್ರಕ್ಕೆ ಮಾತ್ರ ಅನುಮತಿ. ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿವೆ. ಕ್ಯಾಮೆರಾ ಅಂಗಡಿಗಳು ನಡೆಸುವ ತರಗತಿಗಳಲ್ಲಿ ಶಟರ್ ವೇಗದ ಪಾಠಕ್ಕಿಂತ ಮೊದಲು ಈ ಪಾಠ ನಡೆಯಬೇಕು. ಮನೆಯಲ್ಲಿ ಅತಿಥಿಗಳನ್ನು ಇಳಿಸಿಕೊಳ್ಳುವ ಮಲೆನಾಡಿನ ಗೃಹಸ್ಥರೂ, ದಾರಿ ತೋರಿಸುವ ಯುವಕರೂ ಇದನ್ನು ವಿನಯದಿಂದ, ಆದರೆ ಗಟ್ಟಿಯಾಗಿ ಹೇಳಬಹುದು. ಹಾವು ತೋರಿಸಿದವನಿಗೆ ಐದುನೂರು ರೂಪಾಯಿ ಸಿಗಬಹುದು. ಅದನ್ನು ದಿನವೂ ಕೆಣಕಿದರೆ ಹಾವೇ ಜಾಗ ಬಿಟ್ಟು ಹೋಗುತ್ತದೆ.

ಊರಿನವರ ಕ್ಯಾಮೆರಾ

ಹಾಗಾದರೆ ಹಳ್ಳಿಯ ಶಾಲೆ, ಯುವಕ ಸಂಘ, ಮಹಿಳಾ ಮಂಡಲ ಏನು ಮಾಡಬಹುದು? ಮೊದಲ ಮಾತು, ಸಾಲ ಮಾಡಿ ಕ್ಯಾಮೆರಾ ಕೊಳ್ಳಬೇಕಾಗಿಲ್ಲ. ಮನೆಯಲ್ಲಿರುವ ಫೋನು ಸಾಕು. ಒಂದು ವೇಳೆ ಕೊಳ್ಳುವುದಾದರೆ ಬಳಸಿದ ಡಿಎಸ್‌ಎಲ್‌ಆರ್ ಒಂದನ್ನು ಬಿಲ್ಲಿನೊಡನೆ, ಶಟರ್ ಎಷ್ಟು ಸಲ ಓಡಿದೆ ಎಂದು ಕೇಳಿ, ಲೆನ್ಸಿನೊಳಗೆ ಟಾರ್ಚ್ ಹಾಯಿಸಿ ಬೂಷ್ಟು ಇಲ್ಲವೆಂದು ನೋಡಿ ಕೊಳ್ಳುವುದು ಜಾಣತನ.

ಎರಡನೆಯದು, ಒಂದೇ ಜಾಗದಿಂದ ಮತ್ತೆ ಮತ್ತೆ ತೆಗೆಯುವ ಚಿತ್ರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಯೂರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ ಹಿಮನದಿಗಳು ಸರಿಯುವುದನ್ನು ಹೀಗೆ ದಾಖಲಿಸಿದರು. ಹಳ್ಳದ ದಡದ ಒಂದು ಬಂಡೆಗೆ ಗುರುತು ಮಾಡಿ, ಅದೇ ಬಂಡೆಯ ಮೇಲೆ ನಿಂತು, ಎದುರಿನ ಅದೇ ಮರ ಚೌಕಟ್ಟಿನ ಅದೇ ಮೂಲೆಗೆ ಬರುವಂತೆ, ತಿಂಗಳಿಗೊಮ್ಮೆ ಒಂದು ಚಿತ್ರ ತೆಗೆದರಾಯಿತು. ಶಾಲೆಯ ಒಂದು ತರಗತಿ ಈ ಹೊಣೆ ಹೊತ್ತು ಮುಂದಿನ ತರಗತಿಗೆ ಒಪ್ಪಿಸಬಹುದು. ಐದು ವರ್ಷದಲ್ಲಿ ಅರವತ್ತು ಚಿತ್ರ ಕೂಡುತ್ತವೆ. ಜೊತೆಗೆ ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಸಮಯ, ಹಿಂದಿನ ದಿನದ ಮಳೆ, ನೀರಿನ ಬಣ್ಣ, ತೆಗೆದವರ ಹೆಸರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಇದರ ಅಗತ್ಯ ತಿಳಿದಿದೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆಯಿತು. ಶರಾವತಿ ಕಣಿವೆಗೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪುಗೊಂಡಿದೆ. ಇವುಗಳ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಹೊಳೆ ಇಂದು ಹೇಗಿದೆ ಎಂಬ ದಾಖಲೆ ಎಲ್ಲರಿಗೂ ಬೇಕು. ಆ ದಾಖಲೆಯನ್ನು ಹೊಳೆಯ ಪಕ್ಕದಲ್ಲಿ ಬದುಕುವವರಷ್ಟು ಚೆನ್ನಾಗಿ ಬೇರಾರೂ ಮಾಡಲಾರರು.

ಮೂರನೆಯದು, ಮೂಲ ಕಡತವನ್ನು ಕಾಪಾಡುವುದು. ಡಿಜಿಟಲ್ ಚಿತ್ರದ ಒಳಗೆ ತೆಗೆದ ದಿನ, ವೇಳೆ, ಯಂತ್ರದ ಹೆಸರು, ಸ್ಥಳಸೂಚಿ ಚಾಲ್ತಿಯಲ್ಲಿದ್ದರೆ ಜಾಗದ ಅಕ್ಷಾಂಶ ರೇಖಾಂಶಗಳೂ ಅಡಗಿರುತ್ತವೆ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳುಹಿಸಿದಾಗ ಚಿತ್ರ ಕುಗ್ಗುತ್ತದೆ, ಈ ಮಾಹಿತಿಯೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಉಳಿಯುತ್ತದೆ. ಮೂಲವನ್ನು ತಿದ್ದದೆ, ಬಣ್ಣ ಏರಿಸದೆ, ಎರಡು ಕಡೆ ನಕಲು ಇಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವೂ ಬೇಕು. ಚಿತ್ರ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಎಂಬ ಸಂಖ್ಯೆಯನ್ನು ಅದರಲ್ಲಿ ನಮೂದಿಸಬೇಕು. ಕೃತಕ ಬುದ್ಧಿಮತ್ತೆಯಿಂದ ಯಾವ ದೃಶ್ಯವನ್ನಾದರೂ ಸೃಷ್ಟಿಸಬಹುದಾದ ಈ ದಿನಗಳಲ್ಲಿ ಮೂಲ ಕಡತಕ್ಕೆ ಹಿಂದೆಂದಿಗಿಂತ ಹೆಚ್ಚಿನ ಬೆಲೆ ಬಂದಿದೆ. ಇದಕ್ಕೆ ಒಂದು ಅಪವಾದವುಂಟು. ಅಪರೂಪದ ಸೀತಾಳೆ ಹೂವು, ಹಾವು, ಗೂಡುಗಳ ಚಿತ್ರ ಹಂಚುವಾಗ ಜಾಗದ ಮಾಹಿತಿಯನ್ನು ತೆಗೆದುಹಾಕಬೇಕು. ಕಳ್ಳನೂ ಅದನ್ನು ಓದಬಲ್ಲ.

ನಾಲ್ಕನೆಯದು, ಯಂತ್ರದ ಪೋಷಣೆ. ಮಲೆನಾಡಿನ ಮಳೆಗಾಲ ಲೆನ್ಸಿನ ಶತ್ರು. ಚರ್ಮದ ಚೀಲದಲ್ಲಿ, ಬಟ್ಟೆಯ ಕಪಾಟಿನಲ್ಲಿ ಇಟ್ಟ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು. ಜೆಲ್ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಕ್ಕಿಯಲ್ಲಿ ಹುಗಿಯುವುದು ಬೇಡ, ಅದರ ಹುಡಿ ಒಳಗೆ ಸೇರುತ್ತದೆ. ಕೆಟ್ಟುಹೋದ ಬ್ಯಾಟರಿ, ಚಾರ್ಜರ್‌ಗಳನ್ನು ತಿಪ್ಪೆಗೆ ಎಸೆಯಬಾರದು, ಸುಡಬಾರದು. 2022ರ ಇ-ತ್ಯಾಜ್ಯ ಮತ್ತು ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಅವುಗಳ ಹೊಣೆ ತಯಾರಕರ ಮೇಲಿದೆ. ಪೀಣ್ಯದಾಚೆ ದಾಬಸ್‌ಪೇಟೆಯಲ್ಲಿ ಇ-ಪರಿಸರದಂತಹ ಅಧಿಕೃತ ಮರುಬಳಕೆ ಘಟಕಗಳಿವೆ. ಊರಿನ ಎಲ್ಲರ ಹಳೆಯ ವಸ್ತುಗಳನ್ನು ವರ್ಷಕ್ಕೊಮ್ಮೆ ಒಟ್ಟುಗೂಡಿಸಿ, ನಗರಕ್ಕೆ ಹೋಗುವವರ ಕೈಯಲ್ಲಿ ಕಳುಹಿಸಬಹುದು.

ಬಂಧುಗಳೇ, ವೈಟ್‌ಫೀಲ್ಡಿನ ಅಂಗಡಿಯಲ್ಲಿ ಮುಂದಿನ ವರ್ಷ ಇನ್ನೂ ಹೊಸ ಯಂತ್ರ ಬಂದೇ ಬರುತ್ತದೆ. ಅದನ್ನು ಕೊಂಡವರು ಘಟ್ಟಕ್ಕೆ ಬಂದಾಗ ಅವರನ್ನು ದೂರ ಸರಿಸಬೇಕಾಗಿಲ್ಲ. ಊರಿನ ಮಕ್ಕಳು ತಿಂಗಳಿಗೊಮ್ಮೆ ತೆಗೆದ ಹಳ್ಳದ ಚಿತ್ರಗಳ ಸಾಲನ್ನು ಅವರ ಮುಂದೆ ಇಡಿ. ತಮ್ಮ ದೊಡ್ಡ ಲೆನ್ಸಿನಿಂದ ಅದೇ ಬಂಡೆಯ ಮೇಲೆ ನಿಂತು ಒಂದು ಚಿತ್ರ ತೆಗೆದು, ನಕಲನ್ನು ಶಾಲೆಗೆ ಕೊಟ್ಟುಹೋಗಲು ಕೇಳಿ. ಕೊಡದವರು ವಿರಳ. ಬರುವ ಜೂನ್ ತಿಂಗಳ ಮೊದಲ ಮಳೆಗೆ ಮುನ್ನ ತಂತಮ್ಮ ಊರಿನಲ್ಲಿ ಆ ಒಂದು ಬಂಡೆಯನ್ನು ಆರಿಸಿಕೊಳ್ಳಬೇಕೆಂದು ಎಲ್ಲರಲ್ಲಿಯೂ ವಿನಂತಿ.